ಮರುಮೌಲ್ಯಮಾಪನವನ್ನು ಕೇಳಬೇಕೋ ಬೇಡವೋ?

ದ್ವಿತೀಯ ಪಿ.ಯು.ಸಿ. ಪರೀಕ್ಷೆಯ ಫಲಿತಾಂಶವು ಪ್ರಕಟವಾದೊಡನೆ, ನಮ್ಮ ಶಾಲೆಯನ್ನು ಬಿಟ್ಟು ಕಾಲೇಜು ಸೇರಿದ ಬಾಲಿಕೆಯರ ಮನೆಗಳಲ್ಲಿ ಪ್ರತಿ ವರುಷವೂ ಒಂದು ಪ್ರಶ್ನೆಯು ಏಳುವದುಂಟು. ನಿರೀಕ್ಷಿಸಿದಷ್ಟು ಅಂಕಗಳು ಬರಲಿಲ್ಲ. ಉತ್ತರಪತ್ರಿಕೆಯನ್ನು ಮತ್ತೊಮ್ಮೆ ಪರೀಕ್ಷಿಸಬೇಕೆಂದು ಕೇಳಿಕೊಳ್ಳೋಣವೇ, ಸುಮ್ಮನಿರೋಣವೇ? ಇದಕ್ಕೆ ದುಃಖದ ಭರದಲ್ಲಾಗಲಿ, ನೆರೆಮನೆಯ ಹುಡುಗಿಯ ಅಂಕಗಳನ್ನು ಕೇಳಿದ ಸಂಕಟದಲ್ಲಾಗಲಿ ಉತ್ತರ ಹೇಳಲಾಗದು. ಮೊದಲು ಉತ್ತರಪತ್ರಿಕೆಯನ್ನು ಕಣ್ಣಾರೆ ನೋಡಿ, ಬಳಿಕ ಲೆಕ್ಕಹಾಕಿ, ಆಮೇಲೆ ನಿಶ್ಚಯಿಸತಕ್ಕದ್ದು.

ಕೇಳಿಕೊಳ್ಳಬಹುದಾದ ಸಂಗತಿಗಳು ಮೂರು. ಒಂದನೆಯದು, ಉತ್ತರಪತ್ರಿಕೆಯ ಸ್ಕ್ಯಾನ್ ಪ್ರತಿ. ತಾನು ಬರೆದ ಪತ್ರಿಕೆಯನ್ನು ನೋಡುವ ಹಕ್ಕು ವಿದ್ಯಾರ್ಥಿಗೆ ಉಂಟೆಂದು, ಮಾಹಿತಿ ಹಕ್ಕಿನ ಕಾಯಿದೆಯನ್ನು ಆಧರಿಸಿ ಸುಪ್ರೀಂ ಕೋರ್ಟು 2011ರಲ್ಲಿ ತೀರ್ಪುಕೊಟ್ಟಿದೆ. ಎರಡನೆಯದು, ಅಂಕಗಳ ಮರುಎಣಿಕೆ. ಇದರಲ್ಲಿ ಕೂಡಿಸುವಾಗ ಬಿದ್ದ ತಪ್ಪು ಹೊರಬೀಳುವದೇ ಹೊರತು, ಉತ್ತರದ ಗುಣವನ್ನು ಯಾರೂ ತೂಗುವದಿಲ್ಲ. ಮೂರನೆಯದೇ ಮರುಮೌಲ್ಯಮಾಪನ, ಇದರಲ್ಲಿ ಬೇರೊಬ್ಬ ಪರೀಕ್ಷಕರು ಉತ್ತರಗಳನ್ನು ಹೊಸದಾಗಿ ಓದಿ ಅಂಕ ಕೊಡುವರು. ಪ್ರತಿಯನ್ನು ತರಿಸಿಕೊಂಡ ಬಾಲಿಕೆಯು ಅದನ್ನು ಆ ವಿಷಯದ ಉಪಾಧ್ಯಾಯರೊಡನೆ ಕುಳಿತು, ಮಂಡಳಿಯ ಮಾದರಿ ಉತ್ತರಗಳಿಗೆ ಹೋಲಿಸಿ ಓದಲಿ. ಅಂಕವೇ ಬೀಳದ ಉತ್ತರವುಂಟೋ? ಲೆಕ್ಕದ ಹಂತಗಳಿಗೆ ಸಲ್ಲತಕ್ಕ ಅಂಕವು ತಪ್ಪಿದೆಯೋ? ಇಂಥದ್ದು ಕಂಡರೆ ಕೇಳುವದು ನ್ಯಾಯ. ಏನೂ ಕಾಣದೆ, "ಇನ್ನಷ್ಟು ಬರಬೇಕಿತ್ತು" ಎಂಬ ಎಣಿಕೆ ಮಾತ್ರ ಉಳಿದರೆ ಹಣವನ್ನು ಉಳಿಸುವದೇ ಲೇಸು.

ಇನ್ನು ಲೆಕ್ಕದ ಮಾತು. ಕರ್ನಾಟಕದ ಸಿ.ಇ.ಟಿ.ಯಲ್ಲಿ ಇಂಜಿನಿಯರಿಂಗ್ ರ್‍ಯಾಂಕಿಗೆ ಪಿ.ಯು.ಸಿ.ಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತಗಳ ಅಂಕಗಳಿಂದ ಅರ್ಧವೂ ಪ್ರವೇಶಪರೀಕ್ಷೆಯ ಅಂಕಗಳಿಂದ ಅರ್ಧವೂ ಸೇರುವದು. ಆ ಮೂರು ವಿಷಯಗಳ 300 ಅಂಕಗಳು 50ಕ್ಕೆ ಇಳಿಯುವದರಿಂದ, ಅವುಗಳಲ್ಲಿ 6 ಅಂಕ ಹೆಚ್ಚಿದರೆ ರ್‍ಯಾಂಕಿನ ಲೆಕ್ಕದಲ್ಲಿ ಹೆಚ್ಚುವದು 1 ಮಾತ್ರ. ಕನ್ನಡದಲ್ಲಾಗಲಿ ಇಂಗ್ಲಿಷಿನಲ್ಲಾಗಲಿ ಹೆಚ್ಚಿದ ಅಂಕವು ಈ ರ್‍ಯಾಂಕನ್ನು ಮುಟ್ಟುವದೇ ಇಲ್ಲ. ವೈದ್ಯಕೀಯ ಶಿಕ್ಷಣಕ್ಕಂತೂ ರ್‍ಯಾಂಕು ನೀಟ್ ಪರೀಕ್ಷೆಯಿಂದಲೇ ಆಗುವದು. ಆದರೆ ಕನಿಷ್ಠ ಅರ್ಹತೆಯ ಗೆರೆಯ ಹತ್ತಿರ ನಿಂತವಳಿಗೆ ಒಂದಂಕವೂ ಬಾಗಿಲನ್ನು ತೆರೆಯಬಲ್ಲದು. ಅಂಥವಳು ಅನುಮಾನಿಸದೆ ಕೇಳಲಿ.

ಓ.ಎಂ.ಆರ್. ಹಾಳೆಯ ಪರೀಕ್ಷೆಗಳ ರೀತಿಯೇ ಬೇರೆ. ನೀಟ್‌ನಲ್ಲಿ ಫಲಿತಾಂಶದ ಬಳಿಕ ಮರುಮೌಲ್ಯಮಾಪನವಿಲ್ಲ. ಅದಕ್ಕೆ ಮುಂಚೆ ಪ್ರಕಟವಾಗುವ ತಾತ್ಕಾಲಿಕ ಸರಿಯುತ್ತರಗಳ ಪಟ್ಟಿಗೆ, ಗೊತ್ತಾದ ಕೆಲವೇ ದಿವಸಗಳಲ್ಲಿ, ಪ್ರಶ್ನೆಯೊಂದಕ್ಕೆ ಇಷ್ಟೆಂದು ಶುಲ್ಕ ತೆತ್ತು ಆಕ್ಷೇಪಣೆ ಸಲ್ಲಿಸಬೇಕು. ಅಲ್ಲಿ ಒಂದು ಉತ್ತರದ ತೂಕ ಎಷ್ಟೆಂಬುದನ್ನು 2024ರ ವೃತ್ತಾಂತವು ತೋರಿಸುವದು. ಪರಮಾಣುಗಳ ಕುರಿತಾದ ಒಂದು ಭೌತಶಾಸ್ತ್ರದ ಪ್ರಶ್ನೆಗೆ, ಹಳೆಯ ಪಠ್ಯಪುಸ್ತಕದ ಒಂದು ವಾಕ್ಯದ ನಿಮಿತ್ತ ಎರಡು ಉತ್ತರಗಳನ್ನು ಸರಿಯೆಂದು ಒಪ್ಪಲಾಗಿತ್ತು. ಸುಪ್ರೀಂ ಕೋರ್ಟಿನ ಸೂಚನೆಯಂತೆ ದೆಹಲಿಯ ಐ.ಐ.ಟಿ.ಯ ಮೂವರು ತಜ್ಞರು ಪರಿಶೀಲಿಸಿ, ಒಂದೇ ಸರಿಯೆಂದರು. ಆಗ ನಾಲ್ಕು ಲಕ್ಷಕ್ಕೂ ಮಿಕ್ಕ ವಿದ್ಯಾರ್ಥಿಗಳ ಅಂಕಗಳು ಇಳಿದುವು. 720ಕ್ಕೆ 720 ಪಡೆದವರ ಸಂಖ್ಯೆಯು 61ರಿಂದ 17ಕ್ಕೆ ಬಂತು. ತಿದ್ದುಪಡಿಯು ಏರಿಸುವಂತೆಯೇ ಇಳಿಸಲೂ ಬಲ್ಲದೆಂಬುದನ್ನು ಮರೆಯಬಾರದು.

ಆದಕಾರಣ ಅರ್ಜಿಗೆ ಮುಂಚೆ ಆಯಾ ವರುಷದ ಅಧಿಸೂಚನೆಯನ್ನು ಓದಿ ನಾಲ್ಕು ವಿಷಯಗಳನ್ನು ತಿಳಿದುಕೊಳ್ಳಿರಿ: ಕಡೆಯ ದಿನ ಯಾವದು, ಶುಲ್ಕವೆಷ್ಟು, ಎಷ್ಟು ಅಂಕ ವ್ಯತ್ಯಾಸವಾದರೆ ಬದಲಾವಣೆಯನ್ನು ಒಪ್ಪುವರು, ಕಡಿಮೆಯಾದರೆ ಯಾವದು ನಿಲ್ಲುವದು. ಅರ್ಜಿ ಹಾಕಿದವಳು ಫಲವನ್ನು ಕಾದುಕೊಂಡು ಕೈಕಟ್ಟಿ ಕುಳ್ಳಿರಬಾರದು. 2024ರಿಂದ ನಮ್ಮ ರಾಜ್ಯದಲ್ಲಿ ವಾರ್ಷಿಕ ಪರೀಕ್ಷೆಯನ್ನು ಒಂದೇ ವರುಷದಲ್ಲಿ ಮತ್ತೆ ಬರೆದು, ಹೆಚ್ಚು ಬಂದ ಅಂಕವನ್ನು ಉಳಿಸಿಕೊಳ್ಳುವ ಅನುಕೂಲವು ಬಂದಿರುವದು. ಆ ಪರೀಕ್ಷೆಗೂ ಕಾಲೇಜಿನ ಪ್ರವೇಶಕ್ಕೂ ತಕ್ಕ ಕಾಲದಲ್ಲಿ ಹೆಸರು ಕೊಡಲಿ. ಪತ್ರಿಕೆಯ ಹಿಂದೆ ಓಡುತ್ತ ಸೀಟನ್ನೇ ಕಳೆದುಕೊಂಡರೆ ದೊರೆತ ಅಂಕದಿಂದ ಪ್ರಯೋಜನವೇನು?

ತಾಯಿತಂದೆಗಳಲ್ಲಿ ಒಂದು ಬಿನ್ನಹ. ಶುಲ್ಕವು ಭಾರವೆಂದು, ಹೆಣ್ಣುಮಗಳಿಗೆ ಬಂದಷ್ಟೇ ಸಾಕೆಂದು, ಕಂಡ ತಪ್ಪನ್ನು ಕೇಳದೆ ಬಿಡಬೇಡಿರಿ. ನ್ಯಾಯವಾದುದನ್ನು ಕೇಳುವದು ಗರ್ವವಲ್ಲ. ಹಾಗೆಯೇ, ನಿಮ್ಮ ಮಾನ ಉಳಿಯಲೆಂದು ಒಲ್ಲದ ಮಗಳಿಂದ ಅರ್ಜಿ ಹಾಕಿಸಬೇಡಿರಿ. ಪತ್ರಿಕೆಯನ್ನು ಬರೆದವಳು ಅವಳು. ತಾನು ಎಲ್ಲಿ ಬರೆದೆನು, ಎಲ್ಲಿ ಬಿಟ್ಟೆನು ಎಂಬುದನ್ನು ಅವಳೇ ಚೆನ್ನಾಗಿ ಬಲ್ಲಳು. ದೇವರು ಅವಳಿಗೆ ಒಪ್ಪಿಸಿದ ತಲಾಂತುಗಳು ಅಂಕಪಟ್ಟಿಯಲ್ಲಿ ಎಷ್ಟೋ ಅಷ್ಟೇ ಅಲ್ಲ. ಪ್ರತಿಯನ್ನು ಅವಳ ಕೈಗೆ ಕೊಟ್ಟು, ಅವಳ ಮಾತನ್ನು ಮೊದಲು ಕೇಳಿರಿ.