ಅಪರಾಧಗಳ ಲೆಕ್ಕ: ಠಾಣೆಯಿಂದ ದೆಹಲಿಯವರೆಗೆ

ದೇಶದಲ್ಲಿ ಅಪರಾಧಗಳು ಹೆಚ್ಚಿವೆ, ಕಡಿಮೆಯಾಗಿವೆ ಎಂಬ ಸುದ್ದಿಗಳನ್ನು ನಾವು ಆಗಾಗ ಕೇಳುತ್ತೇವೆ. ಈ ಲೆಕ್ಕವನ್ನು ಇಡುವವರು ಯಾರು? ಅದು ಎಲ್ಲಿಂದ ಆರಂಭವಾಗುತ್ತದೆ?

ಅಂಕೋಲಾ ತಾಲ್ಲೂಕಿನ ಶೆಟಗೇರಿಯ ತೋಟವೊಂದರಿಂದ 20,000 ರೂಪಾಯಿ ಬೆಲೆಯ ಪಂಪ್‌ಸೆಟ್ ಕಳುವಾಯಿತೆಂದು ಭಾವಿಸೋಣ. ತೋಟದ ಯಜಮಾನರು ಪೊಲೀಸ್ ಠಾಣೆಗೆ ದೂರು ಕೊಟ್ಟಾಗ ಪ್ರಥಮ ವರ್ತಮಾನ ವರದಿ ಸಿದ್ಧವಾಗುತ್ತದೆ. ಅಪರಾಧದ ಅಂಕಿ-ಅಂಶಗಳಿಗೆ ಇದೇ ಮೂಲ. ಠಾಣೆಯ ಮಾಹಿತಿ ಜಿಲ್ಲಾ ಕೇಂದ್ರವಾದ ಕಾರವಾರದಲ್ಲಿ ಒಟ್ಟುಗೂಡಿ, ಬೆಂಗಳೂರಿನ ರಾಜ್ಯ ಅಪರಾಧ ದಾಖಲೆಗಳ ಬ್ಯೂರೋ ಮೂಲಕ ದೆಹಲಿಯ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋವನ್ನು ತಲುಪುತ್ತದೆ. ಈ ರಾಷ್ಟ್ರೀಯ ಬ್ಯೂರೋ ಸ್ಥಾಪನೆಯಾದದ್ದು 1986ರಲ್ಲಿ. ಆದರೆ ‘ಕ್ರೈಮ್ ಇನ್ ಇಂಡಿಯಾ’ ಎಂಬ ವಾರ್ಷಿಕ ವರದಿ ಅದಕ್ಕೂ ಹಳೆಯದು. ಅದರ ಮೊದಲ ಸಂಪುಟ 1953ನೆಯ ವರ್ಷದ್ದು. 2009ರಲ್ಲಿ ಮಂಜೂರಾದ ಯೋಜನೆಯೊಂದರಿಂದ ಠಾಣೆಗಳು ಗಣಕಯಂತ್ರ ಜಾಲಕ್ಕೆ ಸೇರಿವೆ.

ಎಣಿಕೆಗೂ ನಿಯಮಗಳುಂಟು. ಕಳ್ಳತನಕ್ಕೆ ಬಂದವನು ಕೊಲೆಯನ್ನೂ ಮಾಡಿದರೆ, ಆ ಪ್ರಕರಣ ರಾಷ್ಟ್ರೀಯ ವರದಿಯಲ್ಲಿ ಕೊಲೆಯೆಂದು ಮಾತ್ರ ಎಣಿಕೆಯಾಗುತ್ತದೆ. ಒಂದೇ ಪ್ರಕರಣದಲ್ಲಿ ಹಲವು ಅಪರಾಧಗಳಿದ್ದರೆ ಅತ್ಯಂತ ಘೋರವಾದುದನ್ನೇ ಲೆಕ್ಕಕ್ಕೆ ಹಿಡಿಯುತ್ತಾರೆ.

ಇನ್ನು ಹೋಲಿಕೆಯ ವಿಷಯ. 2011ರ ಜನಗಣತಿಯಂತೆ ಉತ್ತರ ಕನ್ನಡದ ಜನಸಂಖ್ಯೆ ಸುಮಾರು 14.37 ಲಕ್ಷ, ಬೆಂಗಳೂರು ನಗರ ಜಿಲ್ಲೆಯದು ಸುಮಾರು 96.21 ಲಕ್ಷ. ಎರಡೂ ಕಡೆ ತಲಾ 144 ಕಳ್ಳತನಗಳು ದಾಖಲಾದವು ಎಂದುಕೊಳ್ಳಿ. ಸಂಖ್ಯೆ ಒಂದೇ. ಆದರೆ ಒಂದು ಲಕ್ಷ ಜನರಿಗೆ ಉತ್ತರ ಕನ್ನಡದಲ್ಲಿ 10, ಬೆಂಗಳೂರಿನಲ್ಲಿ 1.5 ಆಗುತ್ತದೆ. ಇದನ್ನೇ ಅಪರಾಧ ದರ ಎನ್ನುತ್ತಾರೆ. ಊರು ಊರುಗಳನ್ನು ಹೋಲಿಸುವಾಗ ನೋಡಬೇಕಾದದ್ದು ಈ ದರವನ್ನು.

ಆದರೂ ಒಂದು ಎಚ್ಚರಿಕೆ ಅಗತ್ಯ. ಈ ಅಂಕಿಗಳು ನಡೆದ ಅಪರಾಧಗಳನ್ನಲ್ಲ, ದಾಖಲಾದ ಅಪರಾಧಗಳನ್ನು ತೋರಿಸುತ್ತವೆ. ಪಂಪ್ ಕಳೆದುಕೊಂಡವರು ‘ಠಾಣೆಯ ಗೊಡವೆ ಯಾಕೆ’ ಎಂದು ಸುಮ್ಮನಾದರೆ, ದೆಹಲಿಯ ವರದಿಯಲ್ಲಿ ಆ ಕಳ್ಳತನ ನಡೆದೇ ಇಲ್ಲ! ಮನೆಯೊಳಗಿನ ಹಿಂಸೆಯನ್ನು ಹೆಣ್ಣುಮಕ್ಕಳು ಹೇಳಿಕೊಳ್ಳಲು ಅಂಜುವ ಕಡೆ ಲೆಕ್ಕ ಚಿಕ್ಕದಾಗಿ ಕಾಣುತ್ತದೆ; ಧೈರ್ಯವಾಗಿ ದೂರು ಕೊಡುವ ಕಡೆ ದೊಡ್ಡದಾಗುತ್ತದೆ. ಆದ್ದರಿಂದ ಅಂಕಿ ಏರಿದ ಮಾತ್ರಕ್ಕೆ ಊರು ಕೆಟ್ಟಿತೆಂದು ತೀರ್ಮಾನಿಸಲಾಗದು.

ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದಾದಂಥ ಅಪರಾಧದ ಮಾಹಿತಿ ಬಂದರೆ ಪ್ರಥಮ ವರ್ತಮಾನ ವರದಿ ದಾಖಲಿಸುವುದು ಕಡ್ಡಾಯವೆಂದು ಸರ್ವೋಚ್ಚ ನ್ಯಾಯಾಲಯ 2013ರಲ್ಲಿ ಸ್ಪಷ್ಟಪಡಿಸಿದೆ. ಅದರ ಪ್ರತಿಯನ್ನು ಉಚಿತವಾಗಿ ಪಡೆಯುವ ಹಕ್ಕೂ ದೂರುದಾರರಿಗಿದೆ. ಎಲ್ಲಿ ಗಸ್ತು ಹೆಚ್ಚಿಸಬೇಕು, ಎಲ್ಲಿ ಸಿಬ್ಬಂದಿ ಬೇಕು ಎಂದು ಯೋಚಿಸಲು ಸರ್ಕಾರಕ್ಕೆ ಈ ಅಂಕಿಗಳೇ ಆಧಾರ. ದೂರು ಕೊಡದೆ ಉಳಿದವರ ನೋವು ಆ ಯೋಚನೆಯಲ್ಲಿ ಸೇರುವುದಿಲ್ಲ ಎಂಬುದನ್ನು ವಿದ್ಯಾರ್ಥಿಗಳು ಮನೆಯವರಿಗೂ ತಿಳಿಸಬೇಕು.