ಮೈಮೇಲೆ ಪ್ರಜ್ಞೆ ಇದೆಯಾ?

ಈ ಮಾತನ್ನು ನೀವೂ ನಿಮ್ಮ ಮನೆಯಲ್ಲಿ ಕೇಳಿರುತ್ತೀರಿ. ಒಲೆ ಮೇಲಿಟ್ಟ ಹಾಲು ಉಕ್ಕಿ ಹೋದಾಗ, ಶಾಲೆಯ ಬ್ಯಾಗನ್ನು ಬಸ್ಸಿನಲ್ಲೇ ಬಿಟ್ಟು ಬಂದಾಗ, ಫೋನ್ ನೋಡುತ್ತಾ ಮೆಟ್ಟಿಲು ಇಳಿಯುವಾಗ ನಮ್ಮಮ್ಮ ಕೇಳುವ ಪ್ರಶ್ನೆ ಒಂದೇ: “ಮೈಮೇಲೆ ಪ್ರಜ್ಞೆ ಇದೆಯಾ ನಿನಗೆ?” ಇದು ಬರೀ ಬೈಗುಳ ಅಂತಲೇ ನಾನು ತಿಳಿದುಕೊಂಡಿದ್ದೆ. ಆದರೆ ಇಲ್ಲಿ ಬ್ರಿಟನ್ನಿನ ಎಷ್ಟೋ ಯೂನಿವರ್ಸಿಟಿಗಳು ಇದನ್ನೇ ಎಂಟು ವಾರದ ಕೋರ್ಸ್ ಮಾಡಿ ವಿದ್ಯಾರ್ಥಿಗಳಿಗೂ ಸಿಬ್ಬಂದಿಗೂ ಕಲಿಸುತ್ತಿವೆ ಎಂದು ಈ ವರ್ಷ ಗೊತ್ತಾಯಿತು. ಅವರು ಇಟ್ಟಿರುವ ಹೆಸರು ಮೈಂಡ್‌ಫುಲ್‌ನೆಸ್.

ನಾನು ಈ ವಿಷಯ ಆರಿಸಿಕೊಳ್ಳಲು ಕಾರಣ ನನ್ನ ದೊಡ್ಡಮ್ಮನ ಮಗಳು. ಹೋದ ವರ್ಷ ಸೆಪ್ಟೆಂಬರ್‌ನಲ್ಲಿ ಅಕ್ಕ ಯೂನಿವರ್ಸಿಟಿಗೆ ಸೇರಿದಳು. ಮೊದಮೊದಲು ದಿನಾ ಫೋನ್ ಮಾಡುತ್ತಿದ್ದವಳು ಆಮೇಲೆ ವಾರಕ್ಕೊಮ್ಮೆ ಮಾಡತೊಡಗಿದಳು. ಕ್ರಿಸ್‌ಮಸ್ ರಜೆಯಲ್ಲಿ ನಮ್ಮ ಮನೆಗೆ ಬಂದಾಗ ಎಲ್ಲರ ಹತ್ತಿರವೂ “ಚೆನ್ನಾಗಿದೀನಿ” ಎಂದಳು. ಆದರೆ ಒಂದು ರಾತ್ರಿ ಎರಡು ಗಂಟೆಗೆ ನಾನು ನೀರು ಕುಡಿಯಲು ಹೋದರೆ, ಅವಳು ಅಡುಗೆಮನೆಯಲ್ಲಿ ಪುಸ್ತಕ ತೆರೆದಿಟ್ಟುಕೊಂಡು ಸುಮ್ಮನೆ ಕುಳಿತಿದ್ದಳು. “ಒಂದೇ ಪುಟ ಹತ್ತು ಸಲ ಓದ್ತಿದೀನಿ ಕಣೋ. ಏನೂ ತಲೆಗೆ ಹೋಗ್ತಿಲ್ಲ. ಎದೆ ಹೊಡ್ಕೊಳ್ಳುತ್ತೆ. ಅಮ್ಮಂಗೆ ಹೇಳ್ಬೇಡ” ಎಂದಳು. ನಾನು ಹೇಳಲಿಲ್ಲ. ಹೇಳದೆ ಇದ್ದದ್ದು ಸರಿಯೇ ಎಂದು ಈಗಲೂ ಯೋಚಿಸುತ್ತೇನೆ. ಜನವರಿಯಲ್ಲಿ ಅವಳೇ ಧೈರ್ಯ ಮಾಡಿ ಯೂನಿವರ್ಸಿಟಿಯ ಕೌನ್ಸೆಲರ್ ಹತ್ತಿರ ಹೋದಳು. ಅವರು ಮಾತಾಡಿಸಿ, ಜೊತೆಗೆ ಈ ಕೋರ್ಸ್ ಬಗ್ಗೆಯೂ ಹೇಳಿದರು. (ಅಕ್ಕನನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ದೊಡ್ಡಮ್ಮನಿಗೂ ಈಗ ಎಲ್ಲ ಗೊತ್ತು.)

ಈ ಎಂಟು ವಾರದ ಲೆಕ್ಕ ಎಲ್ಲಿಂದ ಬಂತು? 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನಲ್ಲಿ ಜಾನ್ ಕಬಟ್-ಜಿನ್ ಎಂಬುವರು ಒಂದು ತರಗತಿ ಶುರುಮಾಡಿದರು. ಅವರು ಜೀವಶಾಸ್ತ್ರ ಓದಿದವರು, ಜೊತೆಗೆ ಬೌದ್ಧ ಧ್ಯಾನ ಮತ್ತು ಯೋಗವನ್ನು ಕಲಿತವರು. ಔಷಧಿಯಿಂದ ನೋವು ಪೂರ್ತಿ ಕಡಿಮೆಯಾಗದ ರೋಗಿಗಳಿಗೆ, ಧರ್ಮದ ಮಾತು ತರದೆ, ಧ್ಯಾನ ಮತ್ತು ಸರಳ ಆಸನಗಳನ್ನು ಹೇಳಿಕೊಟ್ಟರು. ನಂತರ ಝಿಂಡೆಲ್ ಸೀಗಲ್, ಮಾರ್ಕ್ ವಿಲಿಯಮ್ಸ್ ಮತ್ತು ಜಾನ್ ಟೀಸ್‌ಡೇಲ್ ಎಂಬ ಮೂವರು ಮನಶ್ಶಾಸ್ತ್ರಜ್ಞರು, ಮತ್ತೆ ಮತ್ತೆ ಖಿನ್ನತೆಗೆ ಒಳಗಾಗುವವರಿಗಾಗಿ ಇದನ್ನು ಬೆಳೆಸಿದರು. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಇದಕ್ಕೆಂದೇ ಒಂದು ಕೇಂದ್ರವೂ ಹುಟ್ಟಿಕೊಂಡಿತು.

ತರಗತಿಯಲ್ಲಿ ಏನು ಮಾಡಿಸುತ್ತಾರೆ ಗೊತ್ತೇ? ಮೊದಲ ದಿನ ಕೈಗೆ ಒಂದು ಒಣದ್ರಾಕ್ಷಿ ಕೊಡುತ್ತಾರೆ! ಅದನ್ನು ಮೊದಲ ಸಲ ನೋಡುತ್ತಿರುವ ಹಾಗೆ ತಿರುಗಿಸಿ ನೋಡಬೇಕು, ಸುಕ್ಕುಗಳನ್ನು ಮುಟ್ಟಿ ನೋಡಬೇಕು, ಮೂಸಬೇಕು, ನಾಲಿಗೆ ಮೇಲೆ ಇಟ್ಟುಕೊಳ್ಳಬೇಕು, ಕೊನೆಗೆ ನಿಧಾನವಾಗಿ ಅಗಿಯಬೇಕು. “ಪಾಯಸದಲ್ಲಿ ಇಷ್ಟು ವರ್ಷ ತಿಂದಿದೀನಿ, ಅದರ ರುಚಿ ಗೊತ್ತಾಗಿದ್ದು ಅವತ್ತೇ” ಎಂದು ಅಕ್ಕ ನಗುತ್ತಾಳೆ. ಆಮೇಲಿನ ವಾರಗಳಲ್ಲಿ ಉಸಿರನ್ನು ಗಮನಿಸುವುದು, ಕಾಲಿನ ಬೆರಳಿನಿಂದ ನೆತ್ತಿಯವರೆಗೆ ಒಂದೊಂದೇ ಭಾಗಕ್ಕೆ ಗಮನ ಕೊಡುವುದು, ನಿಧಾನವಾಗಿ ನಡೆಯುವುದು ಇರುತ್ತದೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ಮನಸ್ಸನ್ನು ಖಾಲಿ ಮಾಡಬೇಕು ಎಂದು ನಾವು ಅಂದುಕೊಳ್ಳುತ್ತೇವೆ. ಮನಸ್ಸು ಓಡಿಹೋಗುವುದು ತಪ್ಪಲ್ಲ. ಓಡಿಹೋಯಿತು ಎಂದು ಗೊತ್ತಾದಾಗ, ಬೈದುಕೊಳ್ಳದೆ ವಾಪಸ್ ಕರೆತರುವುದೇ ಅಭ್ಯಾಸ. ನೂರು ಸಲ ಓಡಿಹೋದರೆ ನೂರು ಸಲ ಕರೆತರಬೇಕು, ಅಷ್ಟೇ.

ಇದರಿಂದ ನಿಜವಾಗಿ ಪ್ರಯೋಜನ ಇದೆಯೇ? ಕೇಂಬ್ರಿಡ್ಜ್ ವಿಶ್ವವಿದ್ಯಾಲಯದಲ್ಲಿ ಇದನ್ನು ಪರೀಕ್ಷಿಸಿ ನೋಡಿದ್ದಾರೆ. 616 ವಿದ್ಯಾರ್ಥಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಯೂನಿವರ್ಸಿಟಿಯಲ್ಲಿ ಎಂದಿನಂತೆ ಸಿಗುವ ಸಹಾಯ ಮಾತ್ರ. ಇನ್ನೊಂದು ಗುಂಪಿಗೆ ಅದರ ಜೊತೆಗೆ ಎಂಟು ವಾರದ ತರಗತಿ. ಪರೀಕ್ಷೆಯ ಸಮಯದಲ್ಲಿ ಎಲ್ಲರ ಮನಸ್ಸಿನ ಒತ್ತಡವನ್ನು ಅಳೆದರು. ಎಂದಿನ ಸಹಾಯ ಮಾತ್ರ ಇದ್ದ ಗುಂಪಿನಲ್ಲಿ ಶೇಕಡಾ 57 ಜನರ ಒತ್ತಡ ಮಿತಿ ಮೀರಿತ್ತು. ತರಗತಿಗೆ ಹೋದವರಲ್ಲಿ ಅದು ಶೇಕಡಾ 37. ಹಾಗಾದರೆ ಅಂಕ ಜಾಸ್ತಿ ಬಂತೇ ಎಂದು ನಿಮ್ಮ ಅಪ್ಪ ಅಮ್ಮ ಕೇಳಬಹುದು (ನಮ್ಮಪ್ಪ ಕೇಳಿದರು). ಅದಕ್ಕೆ ಆ ಅಧ್ಯಯನದಲ್ಲಿ ಸ್ಪಷ್ಟ ಉತ್ತರ ಸಿಗಲಿಲ್ಲ.

ಇದನ್ನು ಓದಿ ಎಲ್ಲರಿಗೂ ಕಡ್ಡಾಯ ಮಾಡಿಬಿಡಬಹುದಲ್ಲ ಎಂದು ನಿಮಗೆ ಅನ್ನಿಸಬಹುದು. ನಾನು ಎಂಟನೇ ಇಯರ್‌ನಲ್ಲಿ ಇದ್ದಾಗ ನಮ್ಮ ಶಾಲೆಯಲ್ಲಿ ಹಾಗೇ ಮಾಡಿದ್ದರು. ವಾರಕ್ಕೊಮ್ಮೆ ಮೂವತ್ತು ಮಕ್ಕಳನ್ನು ಕೂರಿಸಿ ಕಣ್ಣು ಮುಚ್ಚಿ ಎನ್ನುತ್ತಿದ್ದರು. ಹಿಂದಿನ ಬೆಂಚಿನಿಂದ ಯಾರೋ ಗೊರಕೆಯ ಸದ್ದು ಮಾಡುತ್ತಿದ್ದರು, ಉಳಿದವರೆಲ್ಲ ನಗುತ್ತಿದ್ದೆವು. (ಆ ಗೊರಕೆ ಒಂದೆರಡು ಸಲ ನನ್ನದೇ.) ಮನೆಯಲ್ಲಿ ನಾನು ಒಂದು ದಿನವೂ ಮಾಡಲಿಲ್ಲ. ಬ್ರಿಟನ್ನಿನಲ್ಲಿ 8 ಸಾವಿರಕ್ಕೂ ಹೆಚ್ಚು ಶಾಲಾ ಮಕ್ಕಳ ಮೇಲೆ ನಡೆದ ಮಿರಿಯಡ್ ಎಂಬ ದೊಡ್ಡ ಅಧ್ಯಯನದ ಫಲಿತಾಂಶ 2022ರಲ್ಲಿ ಹೊರಬಂತು. ಇಡೀ ತರಗತಿಗೆ ಮೈಂಡ್‌ಫುಲ್‌ನೆಸ್ ಪಾಠ ಮಾಡಿದ ಶಾಲೆಗಳ ಮಕ್ಕಳಿಗೆ, ಉಳಿದ ಶಾಲೆಗಳ ಮಕ್ಕಳಿಗಿಂತ ಹೆಚ್ಚಿನ ಲಾಭ ಕಾಣಲಿಲ್ಲ. ಹೆಚ್ಚಿನ ಮಕ್ಕಳು ನನ್ನ ಹಾಗೆಯೇ ಮನೆಯಲ್ಲಿ ಅಭ್ಯಾಸ ಮಾಡಿರಲಿಲ್ಲ. ಕೇಂಬ್ರಿಡ್ಜ್‌ನವರು ತಾವಾಗಿಯೇ ಹೆಸರು ಕೊಟ್ಟವರು, ವಯಸ್ಸಿನಲ್ಲೂ ದೊಡ್ಡವರು. ನನಗೆ ಇದರಿಂದ ಅರ್ಥವಾದದ್ದು ಇಷ್ಟು: ಇದನ್ನು ಯಾರೂ ಯಾರಿಗೂ ಮಾಡಿಸಲು ಆಗುವುದಿಲ್ಲ, ನಾವೇ ಬೇಕೆಂದು ಮಾಡಬೇಕು.

ಇನ್ನು ಸಿಬ್ಬಂದಿಯ ವಿಷಯ. ನಮ್ಮಮ್ಮ ಒಂದು ಯೂನಿವರ್ಸಿಟಿಯ ಅಡ್ಮಿಷನ್ ಆಫೀಸಿನಲ್ಲಿ ಕೆಲಸ ಮಾಡುತ್ತಾರೆ. ಆಗಸ್ಟ್‌ನಲ್ಲಿ ಎ-ಲೆವೆಲ್ ಫಲಿತಾಂಶ ಬಂದ ದಿನ ಸೀಟು ಸಿಗದ ಮಕ್ಕಳು, ಅವರ ಅಪ್ಪ ಅಮ್ಮಂದಿರು ಬೆಳಗ್ಗೆಯಿಂದ ಫೋನ್ ಮಾಡುತ್ತಲೇ ಇರುತ್ತಾರೆ. ಕೆಲವರು ಅಳುತ್ತಾರೆ, ಕೆಲವರು ಕೂಗಾಡುತ್ತಾರೆ. ಈ ಸಲ ಅದೇ ವಾರದಲ್ಲಿ ಅಮ್ಮನಿಗೆ ಆಫೀಸಿನಿಂದ ಒಂದು ಇಮೇಲ್ ಬಂತು: ಮಧ್ಯಾಹ್ನ ಊಟದ ಹೊತ್ತಿನಲ್ಲಿ ಮೈಂಡ್‌ಫುಲ್‌ನೆಸ್ ತರಗತಿ, ಎಲ್ಲರೂ ಬನ್ನಿ. ಅಮ್ಮನಿಗೆ ಅವತ್ತು ಊಟ ಮಾಡಲೇ ಬಿಡುವಿರಲಿಲ್ಲ. “ಉಸಿರಾಡೋದು ನನಗೆ ಬರುತ್ತೆ. ಫೋನ್ ಎತ್ತೋಕೆ ಇನ್ನಿಬ್ಬರನ್ನ ಕೊಟ್ಟಿದ್ರೆ ಸಾಕಿತ್ತು” ಎಂದರು.

ಅಮ್ಮ ಹೇಳಿದ್ದು ಸರಿ ಎಂದು ನನಗನ್ನಿಸುತ್ತದೆ. ಕೆಲಸದ ಹೊರೆ ಇಳಿಸುವ ಬದಲು ಧ್ಯಾನ ಕೊಟ್ಟು ಕೈತೊಳೆದುಕೊಂಡರೆ, ಒತ್ತಡ ಇರುವುದು ನಿನ್ನದೇ ತಪ್ಪು ಎಂದ ಹಾಗಾಗುತ್ತದೆ. ಆದರೆ ಇನ್ನೊಂದು ಮಾತೂ ಇದೆ. ಮಿರಿಯಡ್ ಅಧ್ಯಯನದಲ್ಲಿ ಮಕ್ಕಳಿಗೆ ಲಾಭ ಕಾಣದಿದ್ದರೂ, ಪಾಠ ಕಲಿತ ಶಿಕ್ಷಕರ ದಣಿವು ಸ್ವಲ್ಪ ಕಾಲದ ಮಟ್ಟಿಗೆ ಕಡಿಮೆಯಾಗಿತ್ತು. ಕ್ಲಿಯರಿಂಗ್ ಮುಗಿದ ಮೇಲೆ ಅಕ್ಟೋಬರ್‌ನಲ್ಲಿ ಅದೇ ತರಗತಿಗೆ ಅಮ್ಮ ತಾವಾಗಿಯೇ ಹೋಗಿ ಬಂದರು. “ಪರವಾಗಿಲ್ಲ, ಚೆನ್ನಾಗಿತ್ತು” ಎಂದರು. ನಮ್ಮಮ್ಮನ ಬಾಯಲ್ಲಿ ಅದು ದೊಡ್ಡ ಹೊಗಳಿಕೆ!

ನಾನೂ ಮೇ ತಿಂಗಳಲ್ಲಿ ನನ್ನ ಜಿಸಿಎಸ್‌ಇ ಪರೀಕ್ಷೆಯ ಹೊತ್ತಿಗೆ ಅಕ್ಕನಿಂದ ಸ್ವಲ್ಪ ಕಲಿತೆ. ನೀವೂ ಮಾಡಿ ನೋಡಬಹುದು. ಕುರ್ಚಿಯಲ್ಲಿ ಕುಳಿತು ಎರಡೂ ಪಾದಗಳನ್ನು ನೆಲಕ್ಕೆ ಊರಿ. ಪಾದದ ಕೆಳಗೆ ನೆಲ ತಣ್ಣಗಿದೆಯೋ ಬೆಚ್ಚಗಿದೆಯೋ ಗಮನಿಸಿ. ಮೂಗಿನಲ್ಲಿ ಉಸಿರು ಹೋಗಿ ಬರುವುದನ್ನು ಗಮನಿಸಿ, ಅದನ್ನು ಬದಲಾಯಿಸಲು ಹೋಗಬೇಡಿ. ಮನಸ್ಸು ಬೇರೆಲ್ಲೋ ಹೋದರೆ ಮತ್ತೆ ಪಾದಕ್ಕೆ ಬನ್ನಿ. ಮೂರು ನಿಮಿಷ ಸಾಕು. ಗಣಿತದ ಪ್ರಶ್ನೆಪತ್ರಿಕೆ ಕೊಡುವ ಮೊದಲು ನಾನು ಇದನ್ನೇ ಮಾಡಿದೆ. ಭಯ ಹೋಗಲಿಲ್ಲ. ಆದರೆ ಭಯ ಇದ್ದರೂ ಮೊದಲ ಪ್ರಶ್ನೆ ಓದಲು ಆಯಿತು.

ಒಂದು ಎಚ್ಚರಿಕೆ. ಕೆಲವರಿಗೆ ಕಣ್ಣು ಮುಚ್ಚಿ ಕುಳಿತರೆ ಕಳವಳ ಇನ್ನೂ ಹೆಚ್ಚಾಗಬಹುದು. ಹಾಗಾದರೆ ಕಣ್ಣು ತೆರೆದು ಎದ್ದುಬಿಡಿ, ಅದರಲ್ಲಿ ಸೋಲೇನೂ ಇಲ್ಲ. ವಾರಗಟ್ಟಲೆ ನಿದ್ದೆ ಬರದೆ ಇದ್ದರೆ, ಊಟ ಸೇರದೆ ಇದ್ದರೆ, ಡಾಕ್ಟರ್ ಅಥವಾ ಕೌನ್ಸೆಲರ್ ಹತ್ತಿರ ಹೋಗಲೇಬೇಕು. ಅದಕ್ಕೆ ಒಣದ್ರಾಕ್ಷಿ ಸಾಲದು.

ಅಕ್ಕ ಈಗ ಎರಡನೇ ವರ್ಷದಲ್ಲಿದ್ದಾಳೆ. ಎಲ್ಲ ಸರಿಹೋಯಿತು ಎಂದು ಅವಳೂ ಹೇಳುವುದಿಲ್ಲ, ಆದರೆ ರಾತ್ರಿ ಮಲಗುತ್ತಾಳೆ, ಭಾನುವಾರ ದೊಡ್ಡಮ್ಮನಿಗೆ ಫೋನ್ ಮಾಡಿ ಆ ವಾರ ಹೇಗಿತ್ತೋ ಹಾಗೆಯೇ ಹೇಳುತ್ತಾಳೆ. ಇನ್ನೆರಡು ವರ್ಷಕ್ಕೆ ನಾನೂ, ನಮ್ಮ ಕನ್ನಡ ಶಾಲೆಯ ನನ್ನ ಕೆಲವು ಗೆಳೆಯರೂ ಯೂನಿವರ್ಸಿಟಿಗೆ ಹೊರಡುತ್ತೇವೆ. ಅಪ್ಪ ಅಮ್ಮಂದಿರೇ, ನಾವು ಫೋನಿನಲ್ಲಿ “ಚೆನ್ನಾಗಿದೀನಿ” ಅಂದರೆ ಅಲ್ಲಿಗೆ ನಿಲ್ಲಿಸಬೇಡಿ, ನಿದ್ದೆ ಬರುತ್ತಿದೆಯಾ ಎಂದು ಇನ್ನೊಂದು ಮಾತು ಕೇಳಿ. ಗೆಳೆಯರೇ, ಯಾರಾದರೂ ನಿಮಗೆ “ಅಮ್ಮಂಗೆ ಹೇಳ್ಬೇಡ” ಎಂದರೆ, ಕಡೇಪಕ್ಷ ಅವರ ಜೊತೆಯಲ್ಲೇ ಕೌನ್ಸೆಲರ್ ಬಾಗಿಲವರೆಗೆ ಹೋಗಿ. ನಾನು ಅವತ್ತು ಅಷ್ಟನ್ನಾದರೂ ಮಾಡಬಹುದಿತ್ತು.