ಕೈಗೂಸಿನೊಂದಿಗೆ ಊರು ಬದಲಿಸುವಾಗ

ಏಪ್ರಿಲ್-ಮೇ ಬಂತೆಂದರೆ ಮನೆ ಬದಲಿಸುವ ಕಾಲ. ವರ್ಗಾವಣೆಯಾದವರು, ಹೊಸ ಕೆಲಸ ಸಿಕ್ಕವರು, ದೊಡ್ಡ ಮಕ್ಕಳ ಶಾಲೆಗಾಗಿ ನಗರ ಸೇರುವವರು ಎಲ್ಲರೂ ಈ ರಜೆಯಲ್ಲೇ ಸಾಮಾನು ಕಟ್ಟುತ್ತಾರೆ. ಕಲಬುರಗಿಯಿಂದ ಬೆಂಗಳೂರಿಗೆ ಸುಮಾರು 600 ಕಿಲೋಮೀಟರ್ ದಾರಿ. ಮಡಿಲಲ್ಲಿ ಮೂರು ತಿಂಗಳ ಮಗು. "ಡಾಕ್ಟರ್ ಸಾಬ್, ಕೂಸನ್ನು ಕರೆದುಕೊಂಡು ಹೋಗಬಹುದಾ?" ಎಂದು ಕೇಳುವ ತಂದೆ-ತಾಯಂದಿರಿಗೆ ನನ್ನ ಉತ್ತರ ಸಾಮಾನ್ಯವಾಗಿ "ಹೋಗಬಹುದು" ಎಂದೇ. ಆದರೆ ಹೇಗೆ ಹೋಗುತ್ತೀರಿ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಯುನಾನಿ ವೈದ್ಯದಲ್ಲಿ ಆರೋಗ್ಯಕ್ಕೆ ಅನಿವಾರ್ಯವಾದ ಆರು ಕಾರಣಗಳನ್ನು ಹೇಳುತ್ತಾರೆ, ಅಸ್ಬಾಬೆ ಸಿತ್ತಾ ಝರೂರಿಯಾ ಎಂದು. ಹವೆ, ಅನ್ನಪಾನ, ದೇಹದ ಚಲನೆ ಮತ್ತು ವಿಶ್ರಾಂತಿ, ಮನಸ್ಸಿನ ಚಲನೆ ಮತ್ತು ವಿಶ್ರಾಂತಿ, ನಿದ್ರೆ ಮತ್ತು ಎಚ್ಚರ, ದೇಹದಲ್ಲಿ ಉಳಿಯಬೇಕಾದದ್ದು ಮತ್ತು ಹೊರಹೋಗಬೇಕಾದದ್ದು. ದೊಡ್ಡವರಿಗೆ ಮನೆ ಬದಲಿಸುವುದೆಂದರೆ ವಿಳಾಸ ಬದಲಾದಂತೆ. ಕೂಸಿಗೆ ಈ ಆರೂ ಒಂದೇ ದಿನದಲ್ಲಿ ಅಲ್ಲಾಡಿಹೋಗುತ್ತವೆ. ಆದ್ದರಿಂದ ಆ ದಿನ ಎಷ್ಟನ್ನು ಬದಲಾಗದಂತೆ ಉಳಿಸಿಕೊಳ್ಳಬಹುದು ಎಂದು ಮೊದಲು ಯೋಚಿಸಿ.

ಎಲ್ಲಕ್ಕಿಂತ ಸುಲಭದ ಉಪಾಯ, ಸಾಮಾನು ಮೊದಲು ಹೋಗಲಿ, ಮಗು ಕೊನೆಗೆ ಹೋಗಲಿ. ತಂದೆಯೋ ಚಿಕ್ಕಪ್ಪನೋ ಲಾರಿಯೊಂದಿಗೆ ಎರಡು ದಿನ ಮುಂಚೆ ಹೋಗಿ, ಒಂದು ಕೋಣೆ ಗುಡಿಸಿ ಒರೆಸಿ, ಗ್ಯಾಸ್ ಒಲೆ ಹಚ್ಚಿ, ಸೊಳ್ಳೆಪರದೆ ಕಟ್ಟಿಟ್ಟರೆ ಸಾಕು. ಉಳಿದ ಡಬ್ಬಗಳನ್ನು ತಿಂಗಳಿಡೀ ಬಿಚ್ಚಿಕೊಳ್ಳಬಹುದು. ಬಾಣಂತಿ ತವರಿನಲ್ಲಿದ್ದರೆ ಇನ್ನೂ ಒಳ್ಳೆಯದು, ಚಿಲ್ಲಾ ಮುಗಿಯುವವರೆಗೆ ಅವಸರ ಮಾಡಬೇಡಿ. ಹೆರಿಗೆಯ ನಂತರದ ಆರು ವಾರಗಳಲ್ಲಿ ತಾಯಿಯ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚು. ಗಂಟೆಗಟ್ಟಲೆ ಕಾಲು ಮಡಚಿ ಕೂತರೆ ಅದು ಇನ್ನಷ್ಟು ಹೆಚ್ಚುತ್ತದೆ. ಸಿಸೇರಿಯನ್ ಆದವರು ಹೊರಡುವ ಮುನ್ನ ಹೆರಿಗೆ ಮಾಡಿಸಿದ ವೈದ್ಯರನ್ನು ಒಮ್ಮೆ ಕೇಳಲೇಬೇಕು.

ನನ್ನನ್ನು ಕೇಳಿದರೆ, ತಾಯಿ-ಮಗುವಿಗೆ ರೈಲೇ ಲೇಸು. ಕಾರಿನಲ್ಲೇ ಹೋಗುವುದಾದರೆ 600 ಕಿಲೋಮೀಟರನ್ನು ಒಂದೇ ದಿನದಲ್ಲಿ ಮುಗಿಸುವ ಹಟ ಬೇಡ. ಬಳ್ಳಾರಿ ಅಥವಾ ಹೊಸಪೇಟೆ ಹೆಚ್ಚುಕಡಿಮೆ ಅರ್ಧ ದಾರಿ, ಅಲ್ಲಿ ಒಂದು ರಾತ್ರಿ ತಂಗಿ. ಫಜ್ರ್ ಮುಗಿಸಿ ಹೊರಟರೆ ಬಿಸಿಲು ಏರುವ ಮೊದಲೇ ಬಹುಪಾಲು ದೂರ ಸಾಗಿರುತ್ತೀರಿ. "ರಾತ್ರಿ ಹೊರಟರೆ ಮಗು ಮಲಗಿರುತ್ತದೆ" ಎನ್ನುವವರಿದ್ದಾರೆ. ಮಗು ಮಲಗಿರುತ್ತದೆ, ನಿಜ. ಹಗಲೆಲ್ಲ ಸಾಮಾನು ಹೊತ್ತು ದಣಿದ ಚಾಲಕನಿಗೂ ಬೆಳಗಿನ ಜಾವ ಕಣ್ಣು ಮುಚ್ಚುತ್ತದೆ.

ಇನ್ನು ಮಗು ಎಲ್ಲಿ ಕೂರಬೇಕು ಎಂಬುದು. ನಮ್ಮಲ್ಲಿ ತಾಯಿಯ ಮಡಿಲೇ ಸುರಕ್ಷಿತ ಎಂಬ ನಂಬಿಕೆ ಗಟ್ಟಿಯಾಗಿದೆ. ಆದರೆ ಗಾಡಿ ಡಿಕ್ಕಿ ಹೊಡೆದ ಕ್ಷಣದಲ್ಲಿ ಯಾವ ತಾಯಿಯ ತೋಳಿಗೂ ಮಗುವನ್ನು ಹಿಡಿದಿಡುವ ಶಕ್ತಿ ಇರುವುದಿಲ್ಲ. ಹಿಂದಿನ ಸೀಟಿನಲ್ಲಿ, ಮಗುವಿನ ಮುಖ ಗಾಡಿಯ ಹಿಂಬದಿಗೆ ತಿರುಗಿರುವಂತೆ ಬೆಲ್ಟಿನಿಂದ ಬಿಗಿದ ಶಿಶು ಸೀಟೇ ಸರಿಯಾದ ಜಾಗ. 14 ವರ್ಷದೊಳಗಿನ ಮಕ್ಕಳನ್ನು ಬೆಲ್ಟ್ ಅಥವಾ ಮಕ್ಕಳ ಸೀಟಿನಲ್ಲಿ ಭದ್ರಪಡಿಸದಿದ್ದರೆ ಮೋಟಾರು ವಾಹನ ಕಾಯ್ದೆಯಲ್ಲಿ 1,000 ರೂಪಾಯಿ ದಂಡವೂ ಇದೆ. ಬಂಧುಗಳಿಂದ ಎರವಲು ತಂದರೂ ಆಗುತ್ತದೆ, ಹಿಂದೆ ಅಪಘಾತಕ್ಕೆ ಸಿಕ್ಕ ಸೀಟು ಮಾತ್ರ ಬೇಡ. ಮುಂದಿನ ಸೀಟಿನಲ್ಲಿ, ಏರ್‌ಬ್ಯಾಗ್ ಎದುರು, ಕೂಸನ್ನು ಎಂದೂ ಕೂರಿಸಬೇಡಿ. ಲಾರಿಯ ಕ್ಯಾಬಿನ್‌ನಲ್ಲಿ ಮಗುವನ್ನು ಎತ್ತಿಕೊಂಡು ಹೋಗುವುದಂತೂ ಬೇಡವೇ ಬೇಡ.

ಆ ಸೀಟಿನಲ್ಲಿ ಬಹಳ ಹೊತ್ತು ಇದ್ದರೆ ಎಳೆಯ ಮಗುವಿನ ತಲೆ ಮುಂದಕ್ಕೆ ಬಾಗಿ ಉಸಿರಾಟಕ್ಕೆ ತೊಂದರೆಯಾಗಬಹುದು. ಒಬ್ಬರು ಮಗುವಿನ ಪಕ್ಕದಲ್ಲೇ ಕೂತು ಮುಖ ನೋಡುತ್ತಿರಬೇಕು. ಒಂದೂವರೆ ಗಂಟೆಗೊಮ್ಮೆ, ಹೆಚ್ಚೆಂದರೆ ಎರಡು ಗಂಟೆಗೊಮ್ಮೆ ಗಾಡಿ ನಿಲ್ಲಿಸಿ, ಮಗುವನ್ನು ಹೊರತೆಗೆದು ಸಪಾಟಾದ ಜಾಗದಲ್ಲಿ ಮಲಗಿಸಿ, ಹಾಲು ಕೊಡಿ, ಬಟ್ಟೆ ಬದಲಿಸಿ. ಓಡುವ ಗಾಡಿಯಲ್ಲಿ ಮಗುವನ್ನು ಸೀಟಿನಿಂದ ತೆಗೆದು ಹಾಲೂಡಿಸುವುದು ಬೇಡ. ನಮಾಝಿಗೆ ನಿಲ್ಲುವ ಜಾಗವನ್ನೇ ಹಾಲೂಡಿಸುವ ಜಾಗವನ್ನಾಗಿ ಮಾಡಿಕೊಂಡರೆ ಎರಡೂ ಸುಗಮ. ದಾರಿಯ ಊರಿನಲ್ಲಿ ಬಂಧುಗಳ ಮನೆ ಇದೆಯೇ, ಮಸೀದಿಯಲ್ಲಿ ಮಹಿಳೆಯರಿಗೆ ಕೋಣೆ ಇದೆಯೇ ಎಂದು ಮೊದಲೇ ಫೋನ್ ಮಾಡಿ ತಿಳಿದುಕೊಳ್ಳಿ. ಇದನ್ನು ಗಂಡಸರಿಗೇ ಹೇಳುತ್ತಿದ್ದೇನೆ. ದಾರಿಯಲ್ಲಿ ಶೌಚಾಲಯ ಸಿಗುವುದಿಲ್ಲವೆಂದು ನಮ್ಮ ಹೆಣ್ಣುಮಕ್ಕಳು ಬೆಳಗಿನಿಂದ ನೀರೇ ಕುಡಿಯದೆ ಕೂರುತ್ತಾರೆ. ಹಾಲೂಡಿಸುವ ತಾಯಿಗೆ ಇದರಿಂದ ನಿತ್ರಾಣವಾಗುತ್ತದೆ, ಉರಿಮೂತ್ರ ಹತ್ತುತ್ತದೆ.

ಆರು ತಿಂಗಳೊಳಗಿನ ಮಗುವಿಗೆ ಎಷ್ಟೇ ಸೆಕೆಯಿದ್ದರೂ ನೀರು ಬೇಡ, ಎದೆಹಾಲನ್ನೇ ಹೆಚ್ಚು ಸಲ ಕೊಡಿ. ಪುಡಿಹಾಲು ಕುಡಿಯುವ ಮಗುವಾದರೆ ಕುದಿಸಿದ ಬಿಸಿನೀರನ್ನು ಫ್ಲಾಸ್ಕಿನಲ್ಲಿ, ಅಳೆದ ಪುಡಿಯನ್ನು ಒಣ ಡಬ್ಬಿಯಲ್ಲಿ ಬೇರೆಬೇರೆಯಾಗಿ ಒಯ್ಯಿರಿ. ಆಗಿಂದಾಗಲೇ ಕಲಸಿ, ಆರಿಸಿ ಕುಡಿಸಿ, ಉಳಿದದ್ದನ್ನು ಚೆಲ್ಲಿಬಿಡಿ.

ದಾರಿಯಲ್ಲಿ ಅಳಬಾರದೆಂದು ಮಗುವಿಗೆ ಏನಾದರೂ ಕುಡಿಸಿ ಮಲಗಿಸುವ ಅಭ್ಯಾಸ ಇನ್ನೂ ಹೋಗಿಲ್ಲ. ಗಸಗಸೆಯ ನೀರು, ಶೀತದ ಸಿರಪ್, ಯಾರೋ ಕೊಟ್ಟ ಘುಟ್ಟಿ. ಯುನಾನಿ ಓದಿದವನಾಗಿ ನೇರವಾಗಿ ಹೇಳುತ್ತೇನೆ, ಇದು ಔಷಧವಲ್ಲ. ಗಸಗಸೆ ಅಫೀಮಿನ ಗಿಡದ್ದೇ ಬೀಜ, ಶೀತದ ಸಿರಪ್ಪುಗಳಲ್ಲಿ ಮಂಪರು ತರುವ ಅಂಶಗಳಿರುತ್ತವೆ. ಎಳೆಗೂಸಿನ ಉಸಿರು ಇಂಥದ್ದರಿಂದ ನಿಧಾನವಾಗಿಬಿಡಬಹುದು. ಒಂದು ವರ್ಷ ತುಂಬುವವರೆಗೆ ಜೇನನ್ನೂ ಕೊಡಬಾರದು, ಅದರಲ್ಲಿರಬಹುದಾದ ಸೂಕ್ಷ್ಮಾಣು ಮಗುವಿನ ಕರುಳಿನಲ್ಲಿ ಬೆಳೆದು ವಿಷವಾಗುತ್ತದೆ. ಮಗು ಅತ್ತರೆ ಗಾಡಿ ನಿಲ್ಲಿಸಿ. ಅರ್ಧ ಗಂಟೆ ತಡವಾದರೆ ಆಗಲಿ.

ಬಿಸಿಲು ತಾಗದಿರಲೆಂದು, ದೃಷ್ಟಿಯಾಗದಿರಲೆಂದು ಮಗುವಿನ ಸೀಟಿನ ಮೇಲೆ ದಪ್ಪ ದುಪಟ್ಟ ಹೊದಿಸುತ್ತೇವೆ. ಒಳಗೆ ಗಾಳಿಯಾಡದೆ ಕಾವು ಏರುತ್ತದೆ. ಕಿಟಕಿಗೆ ಪರದೆ ಕಟ್ಟಿ, ಮಗುವಿನ ಮುಖ ತೆರೆದಿರಲಿ. ತೆಳು ಹತ್ತಿಯ ಒಂದು ಪದರ ಬಟ್ಟೆ ಸಾಕು. ಎ.ಸಿ. ಗಾಳಿ ನೇರ ಮುಖಕ್ಕೆ ಬಡಿಯದಿರಲಿ. ನಿಲ್ಲಿಸಿದ ಕಾರಿನಲ್ಲಿ ಐದು ನಿಮಿಷಕ್ಕೂ ಮಗುವನ್ನು ಒಂಟಿಯಾಗಿ ಬಿಡಬೇಡಿ. ಮೂರು ತಿಂಗಳೊಳಗಿನ ಮಗುವಿಗೆ ಜ್ವರ 100.4 ಡಿಗ್ರಿ ಮುಟ್ಟಿದರೆ, ಹಾಲು ಬಿಟ್ಟರೆ, ಎಬ್ಬಿಸಿದರೂ ಏಳದಿದ್ದರೆ, ಆರೆಂಟು ಗಂಟೆ ಮೂತ್ರ ಮಾಡದಿದ್ದರೆ ಪ್ರಯಾಣ ಅಲ್ಲಿಗೇ ನಿಲ್ಲಲಿ, ಹತ್ತಿರದ ಆಸ್ಪತ್ರೆಗೆ ಹೋಗಿ. ಆಂಬ್ಯುಲೆನ್ಸ್‌ಗೆ 108, ರಾಷ್ಟ್ರೀಯ ಹೆದ್ದಾರಿಯಲ್ಲಿ ನೆರವಿಗೆ 1033. ಎರಡನ್ನೂ ಹೊರಡುವ ಮುನ್ನವೇ ಫೋನಿನಲ್ಲಿ ಬರೆದಿಡಿ.

ಹೊಸ ಮನೆಗೆ ಕಾಲಿಟ್ಟ ದಿನ ಲೋಬಾನ ಹಾಕುವುದು ನಮ್ಮಲ್ಲಿ ರೂಢಿ. ಮಗು ಬರುವ ಮೊದಲೇ ಹಾಕಿ, ಕಿಟಕಿ ತೆರೆದು ಹೊಗೆ ಪೂರ್ತಿ ಹೋದ ಮೇಲೆ ಮಗುವನ್ನು ಒಳಗೆ ತನ್ನಿ. ಹೊಸ ಬಣ್ಣದ ವಾಸನೆಗೂ ಇದೇ ಮಾತು. ಕಪಾಟಿನ ಬಟ್ಟೆಗಳ ನಡುವೆ ಇಟ್ಟ ನುಸಿಗುಳಿಗೆಯನ್ನು ಮಗುವಿನ ಬಟ್ಟೆಯಿಂದ ದೂರವಿಡಿ. ಕೆಲವು ಮಕ್ಕಳಲ್ಲಿ ಅದು ರಕ್ತಕಣಗಳನ್ನೇ ಒಡೆದು ಕಾಮಾಲೆ ತರುತ್ತದೆ. ಬೆಂಗಳೂರಿನ ರಾತ್ರಿ ಕಲಬುರಗಿಗಿಂತ ತಂಪು, ಒಂದು ಪದರ ಬಟ್ಟೆ ಹೆಚ್ಚು ಬೇಕಾಗಬಹುದು.

ತಾಯಿ ಕಾರ್ಡನ್ನು ಲಾರಿಗೆ ಹಾಕಬೇಡಿ, ಕೈಚೀಲದಲ್ಲಿರಲಿ. ಆರು, ಹತ್ತು, ಹದಿನಾಲ್ಕು ವಾರಗಳ ಲಸಿಕೆಗಳು ಬೀಳುವ ಕಾಲವೇ ಇದು. ಹೊರಡುವ ಹಿಂದಿನ ದಿನ ಹಾಕಿಸಿದರೆ ಜ್ವರದಲ್ಲೇ ಪ್ರಯಾಣ ಮಾಡಬೇಕಾದೀತು, ಎರಡು-ಮೂರು ದಿನ ಮೊದಲೇ ಮುಗಿಸಿಕೊಳ್ಳಿ. ಗಡಿಬಿಡಿಯಲ್ಲಿ ಒಂದು ತಪ್ಪಿಹೋಗಿದ್ದರೂ ಮೊದಲಿನಿಂದ ಶುರುಮಾಡಬೇಕಿಲ್ಲ, ಬಿಟ್ಟಲ್ಲಿಂದ ಮುಂದುವರಿಸುತ್ತಾರೆ. ಹೊಸ ಬಡಾವಣೆಯ ಸರಕಾರಿ ಆರೋಗ್ಯ ಕೇಂದ್ರ ಎಲ್ಲಿದೆ, ಲಸಿಕೆಯ ದಿನ ಯಾವುದು ಎಂದು ಮೊದಲ ವಾರದಲ್ಲೇ ಪಕ್ಕದ ಮನೆಯವರನ್ನು ಕೇಳಿ.